ಕುಂಬಳೆಯ ಮನೆಯಲ್ಲಿ ನಾಲ್ಕು ಅಡಿ ಕಡಲು: ಜೊತೆಯಾಗಿ ಬಾಳುವ ಮೀನುಗಳನ್ನು ಆರಿಸಿದ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ, ಕಡಲಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಒಂದು ಮನೆಯ ಉಪ್ಪುನೀರಿನ ತೊಟ್ಟಿಯ ಪ್ರಕರಣ ಇದು. ಮನೆಯಲ್ಲಿ ಅಜ್ಜಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ, ಶಾಲೆಯಲ್ಲಿ ಕನ್ನಡ ಕಲಿಸುವ ಸೊಸೆ, ಒಂಬತ್ತನೆಯ ತರಗತಿಯ ಮೊಮ್ಮಗಳು. ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕದಲ್ಲಿ ಅದು 255 ಲೀಟರ್. ಕಲ್ಲು, ಮರಳು ಮತ್ತು ಮೇಲೆ ಖಾಲಿ ಬಿಡುವ ಜಾಗವನ್ನು ಕಳೆದರೆ ಉಳಿಯುವ ನೀರು ಸುಮಾರು 200 ಲೀಟರ್ ಮಾತ್ರ. ಮೀನಿನ ಲೆಕ್ಕವನ್ನು ಈ ಎರಡನೆಯ ಅಂಕಿಯಿಂದಲೇ ಹಾಕಬೇಕು.

ಅವರು ನನ್ನನ್ನು ಕರೆಸಿದ ದಿನ ತೊಟ್ಟಿಯಲ್ಲಿ ಎರಡು ಮೀನುಗಳಿದ್ದವು. ಒಂದು, ಮೈಯೆಲ್ಲ ಕಪ್ಪಾಗಿ ಮೂರು ಬಿಳಿ ಚುಕ್ಕೆಗಳಿರುವ ಡಾಮಿನೋ. ಇನ್ನೊಂದು, ಬಾಲದ ರೆಕ್ಕೆ ಹರಿದುಹೋಗಿ, ನೀರಿನ ಕೊಳವೆಯ ಹಿಂದೆ ಮೇಲ್ಮೂಲೆಯಲ್ಲಿ ಅಂಟಿಕೊಂಡಂತೆ ನಿಂತಿದ್ದ ಪುಟ್ಟ ಕ್ಲೌನ್ ಮೀನು. ಮಕ್ಕಳ ಬಾಯಲ್ಲಿ ನೀಮೋ. ಅದರ ಜೊತೆಗೆ ತಂದಿದ್ದ ಮತ್ತೊಂದು ಕ್ಲೌನ್ ಹಿಂದಿನ ವಾರ ಸತ್ತಿತ್ತು. ಅದಕ್ಕೂ ಮೊದಲು ಒಂದು ಸೀಗಡಿ ಸತ್ತಿತ್ತು. ಹುಡುಗಿಯ ಪುಸ್ತಕದಲ್ಲಿ ಇನ್ನೂ ತರಬೇಕಾದ ಮೀನುಗಳ ಪಟ್ಟಿ ಚಿತ್ರಸಹಿತ ಸಿದ್ಧವಾಗಿತ್ತು. ಮನೆಯವರ ಪ್ರಶ್ನೆ ಒಂದೇ: ಈ ಪಟ್ಟಿಯಲ್ಲಿ ಯಾವುವು ಒಟ್ಟಿಗೆ ಬದುಕುತ್ತವೆ?

ಪಟ್ಟಿಗೆ ಕೈ ಹಾಕುವ ಮೊದಲು ಕ್ಲೌನನ್ನು ಅದೇ ತೊಟ್ಟಿಯ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ ತೆಗೆದು, ಗಾಳಿಯ ಪಂಪು ಹಾಕಿ ಬೇರೆ ಇರಿಸಿದೆವು. ಪೆಟ್ಟು ತಿಂದ ಮೀನನ್ನು ಪೆಟ್ಟು ಕೊಡುವ ಮೀನಿನ ಎದುರಿಗೇ ಬಿಟ್ಟು ಔಷಧಿ ಹುಡುಕುವುದರಿಂದ ಪ್ರಯೋಜನವಿಲ್ಲ.

ನೀರಿನ ಸಂಗತಿ

ತೊಟ್ಟಿಗೆ ತುಂಬಿಸಿದ್ದು ಕಡಲ ನೀರು. ಕಡಲು ಪಕ್ಕದಲ್ಲೇ ಇರುವಾಗ ಉಪ್ಪಿನ ಪೊಟ್ಟಣಕ್ಕೆ ಯಾಕೆ ಹಣ ಸುರಿಯಬೇಕು ಎಂದು ಅವರಿಗೆ ಅನಿಸಿದ್ದು ಸಹಜ. ಆದರೆ ನೀರು ತಂದದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಕೇರಳದ 44 ನದಿಗಳಲ್ಲಿ 12 ನದಿಗಳು ಹರಿಯುವುದು ಕಾಸರಗೋಡು ಜಿಲ್ಲೆಯಲ್ಲಿ. ಶಿರಿಯಾ ಹೊಳೆಯ ಅಳಿವೆ ಅವರ ಮನೆಗೆ ದೂರವೇನಲ್ಲ. ಮಳೆಗಾಲದಲ್ಲಿ ಈ ಹೊಳೆಗಳೆಲ್ಲ ಕೆಂಪು ನೀರನ್ನು ದಡದ ಕಡಲಿಗೆ ಸುರಿಯುತ್ತವೆ. ನೀರಿನ ಉಪ್ಪನ್ನು ಅಳೆಯುವ ರಿಫ್ರ್ಯಾಕ್ಟೊಮೀಟರಿನಲ್ಲಿ ನೋಡಿದಾಗ, ಸಿಹಿನೀರನ್ನು 1 ಎಂದಿಟ್ಟುಕೊಂಡರೆ, ತೊಟ್ಟಿಯ ನೀರಿನ ಸಾಂದ್ರತೆ 1.018 ಇತ್ತು. ಹವಳ ದಿಬ್ಬದ ಮೀನುಗಳಿಗೆ ಬೇಕಾದದ್ದು 1.025ರ ಆಸುಪಾಸು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು.

ಸೀಗಡಿ ಸತ್ತು ಮೀನು ಉಳಿದದ್ದು ಇದಕ್ಕೇ. ಉಪ್ಪು ಕಡಿಮೆಯಾದರೆ ಮೀನು ತನ್ನ ದೇಹದೊಳಗಿನ ಉಪ್ಪು ಮತ್ತು ನೀರನ್ನು ಸರಿದೂಗಿಸಿಕೊಂಡು ಸಾಕಷ್ಟು ತಾಳಿಕೊಳ್ಳುತ್ತದೆ. ಸೀಗಡಿ, ಏಡಿ, ಶಂಖದ ಹುಳುಗಳಿಗೆ ಆ ಶಕ್ತಿ ಕಡಿಮೆ. ಮನೆಯವರು ಡಾಮಿನೋ ಸೀಗಡಿಯನ್ನೂ ಕೊಂದಿತು ಎಂದೇ ನಂಬಿದ್ದರು. ಹೊಂದಾಣಿಕೆ ಎಂದೊಡನೆ ನಾವು ಜಗಳವನ್ನಷ್ಟೇ ನೆನೆಯುತ್ತೇವೆ; ಒಂದೇ ನೀರು ಎಲ್ಲರಿಗೂ ಒಗ್ಗುತ್ತದೆಯೇ ಎನ್ನುವುದು ಅದಕ್ಕಿಂತ ಮೊದಲಿನ ಪ್ರಶ್ನೆ.

ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪನ್ನು ಕಲಸಿ, ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸುತ್ತ ಸಾಂದ್ರತೆಯನ್ನು ಏರಿಸಿದೆವು. ಆವಿಯಾಗಿ ಇಳಿದ ಮಟ್ಟವನ್ನು ತುಂಬಿಸಲು ಮಾತ್ರ ಉಪ್ಪಿಲ್ಲದ ನೀರನ್ನೇ ಹಾಕಬೇಕೆಂದು ಒತ್ತಿ ಹೇಳಿದೆ. ಆವಿಯಾಗುವುದು ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ.

ಡಾಮಿನೋ ಬಂದ ಬಗೆ

ಮಂಗಳೂರಿನ ಒಂದು ಅಂಗಡಿಯಲ್ಲಿ ಅವರಿಗೆ ಸಿಕ್ಕಿದ ಸಲಹೆ ಇದು: ನೀರು ಹದಕ್ಕೆ ಬರಲು ಮೊದಲು ಒಂದು ಗಟ್ಟಿ ಮೀನನ್ನು ಬಿಡಿ, ಅದು ಉಳಿದರೆ ಉಳಿದವನ್ನು ತನ್ನಿ. ಬಹಳ ಕಡೆ ಹೀಗೆಯೇ ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ, ಎರಡು ಕಾರಣಗಳಿಗೆ.

ಮೊದಲನೆಯದು ಮೀನಿನ ನೋವು. ಹೊಸ ತೊಟ್ಟಿಯಲ್ಲಿ ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಕಲ್ಲು ಮರಳಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ಕಾಲ ಮೀನು ಕಿವಿರು ಸುಡುವ ನೀರಿನಲ್ಲಿ ಉಸಿರಾಡಬೇಕು. ಮೀನೇ ಬೇಕಿಲ್ಲ, ಹಸಿ ಸೀಗಡಿಯ ತುಂಡೊಂದನ್ನು ತೊಟ್ಟಿಯಲ್ಲಿ ಕೊಳೆಯಲು ಬಿಟ್ಟರೂ ಅಮೋನಿಯ ಹುಟ್ಟುತ್ತದೆ, ಬ್ಯಾಕ್ಟೀರಿಯ ಬೆಳೆಯುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನು ತಂದರಾಯಿತು.

ಎರಡನೆಯದೇ ಈ ಪ್ರಕರಣದ ಮೂಲ. ಡಾಮಿನೋ ಡ್ಯಾಮ್ಸೆಲ್ ಗುಂಪಿನ ಮೀನು. ಅಂಗಡಿಯಲ್ಲಿ ಹೆಬ್ಬೆರಳ ಉಗುರಿನಷ್ಟಿರುವ ಅದು 14 ಸೆಂಟಿಮೀಟರ್ ತನಕ ಬೆಳೆಯುತ್ತದೆ, ಬೆಳೆದಂತೆ ಬಿಳಿ ಚುಕ್ಕೆಗಳು ಮಾಸುತ್ತವೆ, ಮುಂಗೋಪ ಮಾತ್ರ ಹೆಚ್ಚುತ್ತದೆ. ಲಕ್ಷದ್ವೀಪದ ಹವಳ ದಿಬ್ಬಗಳಲ್ಲಿ ಅದರ ಆಕ್ರಮಣಕ್ಕೆ ತುತ್ತಾದ ಮೀನು ನಾಲ್ಕು ಮಾರು ದೂರ ಓಡಿ ಪಾರಾಗುತ್ತದೆ. ನಾಲ್ಕು ಅಡಿಯ ಗಾಜಿನೊಳಗೆ ಓಡಲು ಜಾಗವೆಲ್ಲಿ? ಮೇಲಾಗಿ, ಖಾಲಿ ತೊಟ್ಟಿಗೆ ಮೊದಲು ಬಂದ ಮೀನಿಗೆ ಇಡೀ ತೊಟ್ಟಿಯೇ ಪಿತ್ರಾರ್ಜಿತ ಆಸ್ತಿ. ವಾರಗಟ್ಟಲೆ ಒಂಟಿಯಾಗಿ ಎಲ್ಲ ಗವಿಗಳನ್ನೂ ಸುತ್ತಿ ಬೇರೂರಿದ ಮೇಲೆ ಅಲ್ಲಿಗೆ ಬರುವವರೆಲ್ಲ ಅತಿಕ್ರಮಿಗಳೇ. ಆ ಎರಡು ಕ್ಲೌನ್‌ಗಳು ಮೊದಲು ಬಂದು ಡಾಮಿನೋ ಕೊನೆಗೆ ಬಂದಿದ್ದರೂ ಜಗಳವಾಗುತ್ತಿತ್ತು. ಆದರೆ ಒಂದು ಸಾವು ತಪ್ಪಬಹುದಿತ್ತು.

ಹಾಗಾಗಿ ಡಾಮಿನೋ ಹೋಗಲೇಬೇಕಾಗಿತ್ತು. ಹುಡುಗಿಗೆ ಬೇಸರವಾಯಿತು. ಮೊದಲ ಮೀನು, ಕೈಯಿಂದ ಊಟ ತಿನ್ನುವಷ್ಟು ಪಳಗಿದ್ದ ಮೀನು. ಅವಳ ಬೇಸರ ನ್ಯಾಯವಾದದ್ದೇ. ಹಾಗೆಂದೇ ಎರಡು ದಾರಿಗಳನ್ನು ಅವಳ ಮುಂದೆ ಇಟ್ಟೆ: ಡಾಮಿನೋ ಒಂದನ್ನೇ ಇಟ್ಟುಕೊಂಡು ಇದನ್ನು ಒಂಟಿ ಮೀನಿನ ತೊಟ್ಟಿಯಾಗಿ ಸಾಕಬಹುದು, ಅಥವಾ ಅದಕ್ಕೆ ದೊಡ್ಡ ಮನೆ ಹುಡುಕಿ, ಇಲ್ಲಿ ಸೌಮ್ಯ ಮೀನುಗಳನ್ನು ಇಡಬಹುದು. ಎರಡೂ ಸರಿಯಾದ ಆಯ್ಕೆಗಳೇ. ಅವಳು ಒಂದು ವಾರ ಯೋಚಿಸಿ ಎರಡನೆಯದನ್ನು ಆರಿಸಿಕೊಂಡಳು.

ಅಜ್ಜಿ ಮಾತ್ರ, "ಕಡಲು ಅಲ್ಲೇ ಇದೆಯಲ್ಲ ಮಾಷ್ಟ್ರೇ, ಬಿಟ್ಟುಬಿಟ್ಟರೆ ಅದರ ಪಾಡಿಗೆ ಅದು ಬದುಕುವುದಿಲ್ಲವೇ?" ಎಂದು ಕೇಳಿದರು. ಕರುಣೆಯಿಂದ ಬಂದ ಪ್ರಶ್ನೆ. ಆದರೆ ಕುಂಬಳೆಯ ದಡದ ಕೆಳಗಿರುವುದು ಮರಳು ಮತ್ತು ಕೆಸರು. ಹವಳದ ಸಂದಿಯಲ್ಲಿ ಅಡಗಿ ಬಾಳುವ ಮೀನಿಗೆ ಅಲ್ಲಿ ಆಸರೆಯಿಲ್ಲ. ಅಂಗಡಿಯ ನೀರಿನಿಂದ ಅಂಟಿಕೊಂಡ ರೋಗಾಣುಗಳನ್ನು ಕಡಲಿಗೆ ಬಿಡುವ ಅಪಾಯ ಬೇರೆ. ನಮ್ಮ ಕಡೆಯ ಕಡಲಿನ ಸಿಂಹಮೀನು ಇಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ, ಕೆರಿಬಿಯನ್ನಿನಲ್ಲಿ ಹೆಚ್ಚಿ ಅಲ್ಲಿಯ ಮೀನುಮರಿಗಳನ್ನು ತಿಂದು ತೇಗುತ್ತಿದೆ. ಮನೆಯ ತೊಟ್ಟಿಗಳಿಂದ ಬಿಟ್ಟ ಮೀನುಗಳೇ ಅದಕ್ಕೆ ಮೂಲವೆಂದು ಭಾವಿಸಲಾಗಿದೆ. ಅಜ್ಜಿಗೆ ಇದನ್ನು ಹೇಳಿದಾಗ ಅವರು ತಲೆಯಾಡಿಸಿ, "ಹಾಗಾದರೆ ಬೇಡ" ಎಂದು ಅಲ್ಲಿಗೇ ಮುಗಿಸಿದರು.

ಹಿಡಿಯುವುದು ಸುಲಭವಿರಲಿಲ್ಲ. ಬಲೆ ಕಂಡರೆ ಅದು ಕಲ್ಲಿನೊಳಗೆ ನುಗ್ಗುತ್ತಿತ್ತು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ, ತಿರುಗಿಸಿ ಒಳಮುಖವಾಗಿ ಸಿಕ್ಕಿಸಿ, ಒಳಗೆ ಸೀಗಡಿಯ ಚೂರಿಟ್ಟು ತೊಟ್ಟಿಯ ತಳದಲ್ಲಿ ಮಲಗಿಸಿದೆವು. ಒಂದು ದಿನ ಊಟ ನಿಲ್ಲಿಸಿದ್ದೆವು. ಒಳಗೆ ಹೋಗಲು ತಿಳಿದ ಮೀನಿಗೆ ಹೊರಬರಲು ತಿಳಿಯಲಿಲ್ಲ. ಕಾಞಂಗಾಡಿನ ಒಬ್ಬ ಹವ್ಯಾಸಿಯ ಆರು ಅಡಿಯ ತೊಟ್ಟಿಯಲ್ಲಿ ಟ್ರಿಗರ್ ಮೀನಿನ ಜೊತೆ ಅದು ಈಗ ಸರಿಸಮನಾಗಿ ಬಾಳುತ್ತಿದೆ.

ಪಟ್ಟಿಯಿಂದ ಹೊಡೆದುಹಾಕಿದ ಹೆಸರುಗಳು

ಹುಡುಗಿಯ ಪಟ್ಟಿಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಪ್ರತಿ ಮೀನಿನ ಬಗ್ಗೆಯೂ ನಾನು ಕೇಳುವ ಪ್ರಶ್ನೆಗಳಲ್ಲಿ ಬಣ್ಣವೂ ಬೆಲೆಯೂ ಇಲ್ಲ. ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತದೆ, ಅದರ ಬಾಯಿಗೆ ಯಾರು ಹಿಡಿಸುತ್ತಾರೆ, ತೊಟ್ಟಿಯ ಯಾವ ಜಾಗವನ್ನು ತನ್ನದೆನ್ನುತ್ತದೆ, ತನ್ನದೇ ಜಾತಿಯ ಇನ್ನೊಂದನ್ನು ಸಹಿಸುತ್ತದೆಯೇ, ನಾವು ಕೊಡಬಲ್ಲ ಊಟವನ್ನು ತಿನ್ನುತ್ತದೆಯೇ.

ಮೊದಲಿಗೆ ಹೋದದ್ದು ನೀಲಿ ಟ್ಯಾಂಗ್, ಮಕ್ಕಳು ಡೋರಿ ಎನ್ನುವುದು. ಅಂಗಡಿಯಲ್ಲಿ ಅದು ಎರಡು ಇಂಚು. ಬೆಳೆದಾಗ 30 ಸೆಂಟಿಮೀಟರ್. ಈ ತೊಟ್ಟಿಯ ಅಗಲವೇ 45 ಸೆಂಟಿಮೀಟರ್, ಅದರಲ್ಲಿಯೂ ಅರ್ಧ ಕಲ್ಲು. ದಿನವಿಡೀ ಈಜುವ ಮೀನಿಗೆ ಅದು ತಿರುಗಲೂ ಸಾಲದು. "ದೊಡ್ಡದಾದ ಮೇಲೆ ಯಾರಿಗಾದರೂ ಕೊಟ್ಟರಾಗದೇ ಸರ್?" ಎಂದು ಹುಡುಗಿಯ ತಂದೆ ಕೇಳಿದರು. ಡಾಮಿನೋವನ್ನು ಹಿಡಿಯಲು ಪಟ್ಟ ಪಾಡು ಎಲ್ಲರಿಗೂ ನೆನಪಿತ್ತು. ನಾನು ಹೆಚ್ಚು ಹೇಳಬೇಕಾಗಲಿಲ್ಲ.

ಸಿಂಹಮೀನಿಗೆ ಜಗಳದ ಬುದ್ಧಿಯಿಲ್ಲ, ಆದರೆ ಬಾಯಿಗೆ ಹಿಡಿಸುವ ಯಾವ ಮೀನನ್ನೂ ಅದು ಬಿಡುವುದಿಲ್ಲ. ಬೆನ್ನಿನ ಮುಳ್ಳುಗಳಲ್ಲಿ ವಿಷ ಬೇರೆ. ಮ್ಯಾಂಡರಿನ್ ಮೀನಿನ ಚಿತ್ರವನ್ನು ಹುಡುಗಿ ತುಂಬು ಅಕ್ಕರೆಯಿಂದ ಬಿಡಿಸಿದ್ದಳು. ಅಷ್ಟು ಚೆಲುವಾದ ಮೀನು ಇನ್ನೊಂದಿಲ್ಲ ಎಂದೇ ನನಗೂ ಅನಿಸುತ್ತದೆ. ಆದರೆ ಅದರ ಆಹಾರ ಕಲ್ಲಿನ ಮೇಲೆ ಓಡಾಡುವ, ಕಣ್ಣಿಗೆ ಕಾಣುವುದೇ ಕಷ್ಟವಾದ ಕೋಪೆಪಾಡ್ ಎಂಬ ಪುಟ್ಟ ಜೀವಿಗಳು. ಹೊಸ ತೊಟ್ಟಿಯಲ್ಲಿ ಅವು ಬೇಗ ತೀರಿಹೋಗುತ್ತವೆ. ಎದುರಿಗೆ ಊಟ ತೇಲುತ್ತಿದ್ದರೂ ಮ್ಯಾಂಡರಿನ್ ಹಸಿವಿನಿಂದ ಸೊರಗಿ ಸಾಯುತ್ತದೆ. ಬೇರೆ ಮೀನುಗಳ ಮೈಯ ಪರಾವಲಂಬಿಗಳನ್ನು ಹೆಕ್ಕಿ ತಿನ್ನುವ ಕ್ಲೀನರ್ ರ‍್ಯಾಸ್‌ಗೂ ಮನೆಯ ತೊಟ್ಟಿಗಳಲ್ಲಿ ಬಹುಪಾಲು ಇದೇ ಗತಿ.

ಕಡಲಕುದುರೆಯ ವಿಷಯದಲ್ಲಿ ಚರ್ಚೆಗೆ ಆಸ್ಪದವೇ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗೆ 2001ರಲ್ಲಿ ಕಡಲಕುದುರೆ, ಹವಳ, ಕಡಲಸೌತೆಗಳನ್ನು ಸೇರಿಸಲಾಗಿದೆ. ಕದ್ದು ಮಾರುವವರು ಇದ್ದಾರೆ ಎಂಬುದು ಕೊಳ್ಳಲು ಕಾರಣವಾಗುವುದಿಲ್ಲ. ಕಡಲಿನಿಂದ ಕಿತ್ತು ತಂದ ಹವಳದ ಕಲ್ಲೂ ಬೇಡವೆಂದು ಇದೇ ಕಾರಣಕ್ಕೆ ಹೇಳಿ, ಸೆರಾಮಿಕ್ ಕಲ್ಲುಗಳಿಂದಲೇ ಗವಿಗಳನ್ನು ಕಟ್ಟಿಸಿದೆ. ಬ್ಯಾಕ್ಟೀರಿಯಗಳಿಗೆ ಬೇಕಾದದ್ದು ಸಣ್ಣ ಸಣ್ಣ ರಂಧ್ರಗಳು ಮಾತ್ರ.

ಹಸಿರು ಕ್ರೋಮಿಸ್‌ನ ಪುಟ್ಟ ಗುಂಪು ಬೇಕೆಂದು ಟೀಚರ್ ಬಹಳ ಆಸೆಪಟ್ಟರು. ಅನೇಕರು ಅದನ್ನು ಸಾಧುಮೀನು ಎಂದೇ ಹೇಳುತ್ತಾರೆ. ನಾನು ಕಂಡ ಸಣ್ಣ ತೊಟ್ಟಿಗಳಲ್ಲಿ ಗುಂಪಿನ ಅತಿ ದುರ್ಬಲ ಮೀನನ್ನು ಉಳಿದವು ಕುಟುಕಿ, ಅದು ಹೋದ ಮೇಲೆ ಮುಂದಿನದನ್ನು ಕುಟುಕಿ, ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ಹೆಸರಿಗೆ ಸಾಧುವಾದರೂ ಅದೂ ಡ್ಯಾಮ್ಸೆಲ್ ಕುಲದ್ದೇ. ಬೇಡವೆಂದೆ.

ಉಳಿದವು

ಕ್ಲೌನ್ ಜೋಡಿಯ ಆಸೆಯನ್ನು ಬಿಡಬೇಕಾಗಿರಲಿಲ್ಲ. ಡಬ್ಬಿಯಲ್ಲಿದ್ದ ಪುಟ್ಟ ಕ್ಲೌನಿನ ಬಾಲ ಮೂರು ವಾರಗಳಲ್ಲಿ ಮತ್ತೆ ಚಿಗುರಿತು. ಅದಕ್ಕೆ ಜೊತೆ ಹುಡುಕುವಾಗ ಗಾತ್ರವೇ ಮುಖ್ಯ. ಕ್ಲೌನ್ ಮೀನುಗಳಲ್ಲಿ ಎಲ್ಲವೂ ಮೊದಲು ಗಂಡು. ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣಾಗುತ್ತದೆ. ಒಂದೇ ಗಾತ್ರದ ಎರಡನ್ನು ತಂದರೆ ಯಾರು ಹೆಣ್ಣಾಗಬೇಕೆಂಬುದು ಹೋರಾಟದಲ್ಲಿ ತೀರ್ಮಾನವಾಗಬೇಕು. ಆದ್ದರಿಂದ ಇದಕ್ಕಿಂತ ಸ್ಪಷ್ಟವಾಗಿ ದೊಡ್ಡದಾದ ಓಸೆಲಾರಿಸ್ ಜಾತಿಯ ಒಂದನ್ನು, ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಆರಿಸಿದೆವು. ಕ್ಲೌನ್ ಮೀನಿನ ಮರಿ ಮಾಡುವ ಕೆಲಸವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮದೇ ರಾಜ್ಯದ ವಿಳಿಂಞಂನಲ್ಲಿಯೂ ತಮಿಳುನಾಡಿನ ಮಂಡಪಂನಲ್ಲಿಯೂ ನಡೆಸಿದೆ. ಹ್ಯಾಚರಿಯ ಮೀನು ಕಡಲಿನಿಂದ ಕಿತ್ತು ತಂದದ್ದಲ್ಲ, ಒಣ ಆಹಾರಕ್ಕೆ ಒಗ್ಗಿರುತ್ತದೆ, ಕಡಲಿನಿಂದ ಹಿಡಿದ ಕ್ಲೌನ್‌ಗಳನ್ನು ಕಾಡುವ ಬ್ರೂಕ್ಲಿನೆಲ್ಲ ರೋಗದ ಭಯವೂ ಅದರಲ್ಲಿ ಕಡಿಮೆ. ನೀಮೋ ಎಂಬ ಹೆಸರಿನಲ್ಲಿಯೇ ಮಾರುವ ಮರೂನ್ ಕ್ಲೌನ್, ಸೆಬೆ ಕ್ಲೌನ್‌ಗಳನ್ನು ತರಬೇಡಿ ಎಂದು ಚಿತ್ರ ತೋರಿಸಿ ಹೇಳಿ ಕಳಿಸಿದೆ. ಅವು ಇನ್ನಷ್ಟು ದೊಡ್ಡವು, ಇನ್ನಷ್ಟು ಜಗಳಗಂಟಿಗಳು.

ಮರಳಿನ ನೆಲಕ್ಕೆ ಒಂದು ಹಳದಿ ವಾಚ್‌ಮನ್ ಗೋಬಿ. ಕಲ್ಲಿನ ಮೇಲ್ಭಾಗದ ತೆರೆದ ನೀರಿಗೆ ಒಂದು ಫೈರ್‌ಫಿಶ್. ಜೋಡಿ ಖಚಿತವಿಲ್ಲದಿದ್ದರೆ ಎರಡು ಫೈರ್‌ಫಿಶ್‌ಗಳು ಕಾದಾಡುತ್ತವೆ. ನಡುನೀರಿಗೆ ಬಂಗಾಯಿ ಕಾರ್ಡಿನಲ್. ಇಂಡೋನೇಷ್ಯಾದ ಬಂಗಾಯಿ ದ್ವೀಪಗಳ ಸುತ್ತ ಮಾತ್ರ ಸಹಜವಾಗಿ ಬದುಕುವ, ಅಳಿವಿನಂಚಿನಲ್ಲಿರುವ ಮೀನದು. ಹಾಗಾಗಿ ಅದೂ ಹ್ಯಾಚರಿಯದೇ ಆಗಬೇಕೆಂದೆ. ಇವುಗಳಲ್ಲಿ ಯಾವುದೂ 11 ಸೆಂಟಿಮೀಟರ್ ಮೀರುವುದಿಲ್ಲ, ಯಾರ ಬಾಯಿಗೂ ಇನ್ನೊಬ್ಬರು ಹಿಡಿಸುವುದಿಲ್ಲ, ಒಬ್ಬರು ಬಯಸುವ ಮೂಲೆಯನ್ನು ಇನ್ನೊಬ್ಬರು ಬಯಸುವುದಿಲ್ಲ.

"ಇಷ್ಟು ದೊಡ್ಡ ತೊಟ್ಟಿಗೆ ಐದೇ ಮೀನು ಸಾಕೇ ಮಾಷ್ಟ್ರೇ? ನೋಡಿದವರು ಏನೆಂದಾರು?" ಎಂದರು ಟೀಚರ್.

"ಟೀಚರ್, ಮೇ ತಿಂಗಳ ಸೆಖೆಯಲ್ಲಿ ಕರೆಂಟು ಹೋದ ರಾತ್ರಿಯನ್ನು ನೆನಪಿಟ್ಟುಕೊಂಡು ಎಣಿಸಿ" ಎಂದೆ.

ಸಂಖ್ಯೆಯ ಕುರಿತು ನನ್ನ ನಿಲುವು ಇದೇ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ, ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಇನ್ನೂ ಕಡಿಮೆ. ನೀರನ್ನು ತಂಪಾಗಿಡುವ ಚಿಲ್ಲರ್ ಯಂತ್ರವನ್ನು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ನೀರಿನ ಮೇಲೆ ಫ್ಯಾನ್ ಬೀಸಿದರೆ ಆವಿಯಾಗುತ್ತ ತಂಪಾಗುತ್ತದೆ ನಿಜ, ಆದರೆ ಕರಾವಳಿಯ ತೇವದ ಗಾಳಿಯಲ್ಲಿ ಒಣಸೀಮೆಯಷ್ಟು ಫಲ ಸಿಗುವುದಿಲ್ಲ. ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ತಂತಿ ಕಡಿದರೆ ಬೆಳಗಿನ ತನಕ ವಿದ್ಯುತ್ ಇಲ್ಲ. ಆ ಹೊತ್ತಿನಲ್ಲಿ ಐದು ಚಿಕ್ಕ ಮೀನುಗಳು ಬ್ಯಾಟರಿಯ ಗಾಳಿ ಪಂಪಿನಿಂದ ಬದುಕುಳಿಯುತ್ತವೆ. ಹತ್ತು ಮೀನುಗಳು ಉಳಿಯುತ್ತವೆಂದು ನಾನು ಮಾತು ಕೊಡಲಾರೆ. ಮೀನುಗಳ ನಡುವಿನ ಹೊಂದಾಣಿಕೆಯಷ್ಟೇ ಮುಖ್ಯವಾದದ್ದು ಮೀನಿಗೂ ಮನೆಗೂ ಇರಬೇಕಾದ ಹೊಂದಾಣಿಕೆ. ತೊಟ್ಟಿಯನ್ನು ಪಡುವಣ ಬಿಸಿಲು ಬಡಿಯುವ ಚಾವಡಿಯಿಂದ ನಡುಕೋಣೆಗೆ ಸಾಗಿಸಿದ್ದೂ ಇದರ ಭಾಗವೇ.

ಬಿಟ್ಟ ಕ್ರಮ

ಪ್ರತಿ ಮೀನೂ ಮೊದಲು ನಾಲ್ಕು ವಾರ ಬೇರೊಂದು 40 ಲೀಟರಿನ ತೊಟ್ಟಿಯಲ್ಲಿ, ಪಿವಿಸಿ ಪೈಪಿನ ತುಂಡುಗಳ ಆಸರೆಯಲ್ಲಿ ಕಳೆಯಿತು. ಮೈಮೇಲೆ ಉಪ್ಪಿನ ಹರಳಿನಂತೆ ಬಿಳಿ ಚುಕ್ಕೆ ಮೂಡಿಸುವ ಕ್ರಿಪ್ಟೊಕ್ಯಾರಿಯಾನ್ ಪರಾವಲಂಬಿ ದೊಡ್ಡ ತೊಟ್ಟಿಗೆ ಹೊಕ್ಕರೆ, ಅದನ್ನು ತೊಲಗಿಸಲು ಎರಡೂವರೆ ತಿಂಗಳು ತೊಟ್ಟಿಯನ್ನು ಮೀನಿಲ್ಲದೆ ಖಾಲಿ ಇಡಬೇಕಾಗುತ್ತದೆ. ತಾಮ್ರದ ಔಷಧಿಯನ್ನು ದೊಡ್ಡ ತೊಟ್ಟಿಗೆ ಹಾಕುವಂತಿಲ್ಲ. ಕಲ್ಲು ಅದನ್ನು ಹೀರಿಕೊಳ್ಳುತ್ತದೆ, ಸೀಗಡಿಗೆ ಅದು ವಿಷ.

ಎಲ್ಲಕ್ಕಿಂತ ಅಂಜುಬುರುಕ ಫೈರ್‌ಫಿಶ್ ಮೊದಲು ಹೋಯಿತು. ಅದಕ್ಕೂ ಮುಂಚೆ ತೊಟ್ಟಿಯ ಬಾಯಿಗೆ ಬಲೆಯ ಮುಚ್ಚಳ ಬಿತ್ತು. ಬೆದರಿದರೆ ನೀರಿನಿಂದ ನೆಗೆದು ನೆಲಕ್ಕೆ ಬೀಳುವ ಮೀನದು. ಆಮೇಲೆ ಗೋಬಿ, ಆಮೇಲೆ ಕಾರ್ಡಿನಲ್. ಒಂದು ಮೂಲೆಯನ್ನು ಹಿಡಿದು ಕಾಯುವ ಕ್ಲೌನ್ ಜೋಡಿ ಕೊನೆಗೆ. ಡಾಮಿನೋ ಇದ್ದಾಗಿನ ಕ್ರಮ ಪೂರ್ತಿ ತಿರುವುಮುರುವಾಯಿತು. ಕ್ಲೌನ್‌ಗಳನ್ನು ಬಿಡುವ ಹಿಂದಿನ ರಾತ್ರಿ ಎರಡು ಕಲ್ಲುಗಳ ಜಾಗವನ್ನೂ ಬದಲಿಸಿದೆವು, ಹಳಬರ ಗಡಿಗಳು ಅಳಿಸಿಹೋಗಲಿ ಎಂದು.

ಊಟಕ್ಕೆ ಪೇಟೆಯ ಸೀಗಡಿಯನ್ನು ಸಣ್ಣಗೆ ಕೊಚ್ಚಿ, ತೊಳೆದು, ಶೀತಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೊಡುತ್ತಾರೆ. ಜೊತೆಗೆ ಒಣ ಆಹಾರ. ಬೂತಾಯಿ ಬೇಡವೆಂದಿದ್ದೇನೆ, ಅದರ ಎಣ್ಣೆ ನೀರಿನ ಮೇಲೆ ಪೊರೆ ಕಟ್ಟುತ್ತದೆ.

ಒಂದು ಕಡೆ ಮಾತ್ರ ಲೆಕ್ಕ ತಪ್ಪುವ ಸಂಭವವಿದೆ ಎಂದು ಮೊದಲೇ ಹೇಳಿದ್ದೆ. ಕಾರ್ಡಿನಲ್ ಒಂದೇ ಸಾಕೆಂದು ನಾನು ಹೇಳಿದರೂ ಮನೆಯವರು ಜೋಡಿಯೆಂದು ಮಾರಿದ ಎರಡನ್ನು ತಂದರು. ಬಂಗಾಯಿ ಕಾರ್ಡಿನಲ್‌ಗಳಲ್ಲಿ ಗಂಡು ಹೆಣ್ಣನ್ನು ಹೊರನೋಟದಿಂದ ತಿಳಿಯುವುದು ಕಷ್ಟ. ಎರಡೂ ಗಂಡಾದರೆ ಒಂದು ಇನ್ನೊಂದನ್ನು ಬಾಳಗೊಡುವುದಿಲ್ಲ. ಕೆಲವು ವಾರ ಶಾಂತವಾಗಿದ್ದು, ಆಮೇಲೆ ಒಂದು ಸದಾ ಮೇಲ್ಮೂಲೆಯಲ್ಲಿ ನಿಲ್ಲತೊಡಗಿತು. ಈ ಬಾರಿ ಅದರ ಅರ್ಥ ಹುಡುಗಿಗೆ ತಿಳಿದಿತ್ತು. ರೆಕ್ಕೆ ಹರಿಯುವ ಮೊದಲೇ ಅವಳು ಅದನ್ನು ಬೇರ್ಪಡಿಸಿ ನನಗೆ ಫೋನ್ ಮಾಡಿದಳು. ಆ ಮೀನು ಈಗ ಉಪ್ಪಳದ ಇನ್ನೊಂದು ಮನೆಯಲ್ಲಿದೆ.

ಸದ್ಯಕ್ಕೆ ಅವರ ಮುಂದಿರುವ ಪ್ರಶ್ನೆ ಕೋರಲ್ ಬ್ಯೂಟಿ ಎಂಬ ಕುಳ್ಳ ಏಂಜೆಲ್ ಮೀನಿನದು. 10 ಸೆಂಟಿಮೀಟರ್ ಮಾತ್ರ ಬೆಳೆಯುವ ಅದಕ್ಕೆ ಗಾತ್ರದ ಅಡ್ಡಿಯಿಲ್ಲ. ಆದರೆ ಅದು ದಿನವಿಡೀ ಕಲ್ಲಿನ ಪಾಚಿಯನ್ನು ಮೇಯುವ ಮೀನು, ಸ್ವಲ್ಪ ದರ್ಪದ್ದು ಕೂಡ. ಫೈರ್‌ಫಿಶ್ ಇನ್ನೂ ಊಟದ ಹೊತ್ತಿಗಷ್ಟೇ ಹೊರಬರುತ್ತಿದೆ. ಕಲ್ಲುಗಳ ಮೇಲೆ ಪಾಚಿ ದಟ್ಟವಾಗಲಿ, ತೊಟ್ಟಿ ಒಂದು ಬೇಸಗೆಯನ್ನು ದಾಟಲಿ, ಆಮೇಲೆ ಎಲ್ಲರಿಗಿಂತ ಕೊನೆಯದಾಗಿ ತರಬಹುದು ಎಂದಿದ್ದೇನೆ. ಅದಕ್ಕೆಂದು ತೆಗೆದಿಟ್ಟ ಹಣದಲ್ಲಿ ಅವರು ಇನ್ವರ್ಟರಿನ ಬ್ಯಾಟರಿಯನ್ನು ಬದಲಿಸಿದ್ದಾರೆ.